ಹಿತ್ತಲಲ್ಲಿ ಮೀಟರ್‌ಗೇಜ್: ಮಾದರಿ ರೈಲು ಕಟ್ಟಿದವರು, ಫೋಟೊ ತೆಗೆದವರು ಹೇಳಿ

ಕೇಳಿದ್ದು, ಸಾಗರದಿಂದ:

ಮನೆಯ ಹಿಂದೆ 30 ಅಡಿ ಉದ್ದ, 15 ಅಡಿ ಅಗಲದ ಜಾಗ ಖಾಲಿ ಇದೆ. ಶಿವಮೊಗ್ಗ–ತಾಳಗುಪ್ಪ ಮೀಟರ್‌ಗೇಜ್ (ಹಳಿಗಳ ನಡುವೆ ಒಂದು ಮೀಟರ್ ಅಂತರದ) ದಾರಿಯಲ್ಲಿ ರೈಲ್‌ಬಸ್, ಅಂದರೆ ಬಸ್ಸಿನಂಥ ಗಿಡ್ಡ ರೈಲುಗಾಡಿ, ಓಡುತ್ತಿದ್ದ ಕಾಲವನ್ನು ಕಣ್ಣಾರೆ ಕಂಡವನು ನಾನು. ಅದನ್ನು ಹಿತ್ತಲಲ್ಲಿ ಓಡಿಸಬೇಕು, ಫೋಟೊದಲ್ಲಿ ನಿಜವಾದ ರೈಲಿನ ಹಾಗೇ ಕಾಣಬೇಕು ಅನ್ನುವುದು ಆಸೆ. ಯಾವ ಅಳತೆ ಆರಿಸಲಿ? ನಮ್ಮ ಮಳೆಗೆ ಹಳಿ ಉಳಿಯುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ತೀರ್ಥಹಳ್ಳಿ ಕಡೆಯಿಂದ:

ನಿಮ್ಮ ಆಸೆಗೆ ಜಿ ಸ್ಕೇಲ್ ಅನ್ನುವ ಮಾದರಿ ರೈಲಿನ ಅಳತೆ ಸರಿಯಾಗಿ ಹೊಂದುತ್ತದೆ. ಅದರ ಹಳಿಗಳ ನಡುವಿನ ಅಂತರ 45 ಮಿ.ಮೀ. ಮೀಟರ್‌ಗೇಜಿನ 1000 ಮಿ.ಮೀ.ಯನ್ನು 22.5ರಿಂದ ಭಾಗಿಸಿದರೆ 44.4 ಬರುತ್ತದೆ, ಅಂದರೆ 1:22.5 ಅಳತೆಯಲ್ಲಿ (ನಿಜದ 22.5 ಮೀಟರ್ ಮಾದರಿಯಲ್ಲಿ ಒಂದು ಮೀಟರ್) ಗೇಜ್ ಹೆಚ್ಚುಕಡಿಮೆ ಪಕ್ಕಾ. ಇವತ್ತಿನ ಬ್ರಾಡ್‌ಗೇಜ್ (1676 ಮಿ.ಮೀ.) ಮಾಡಹೊರಟಿದ್ದರೆ ಇದೇ ಹಳಿಗೆ 1:37ರ ಲೆಕ್ಕ ಹಿಡಿಯಬೇಕಿತ್ತು. ಆಗ ಆ ಅಳತೆಯ ಸಾಮಾನು ಸಿಗದೆ ಮನುಷ್ಯರ ಗೊಂಬೆಯಿಂದ ಸಿಗ್ನಲ್ ಕಂಬದವರೆಗೆ ಎಲ್ಲವನ್ನೂ ಕೈಯಲ್ಲೇ ಮಾಡಿಕೊಳ್ಳಬೇಕಾಗುತ್ತಿತ್ತು.

ರೈಲ್‌ಬಸ್ ಆರಿಸಿದ್ದು ಬಹಳ ಒಳ್ಳೆಯದಾಯಿತು. ಮೀಟರ್‌ಗೇಜಿನ ಉದ್ದನೆ ಬೋಗಿ ಸುಮಾರು 19 ಮೀಟರ್, ಮಾದರಿಯಲ್ಲಿ 85 ಸೆಂ.ಮೀ. ಹತ್ತಿರ ಬರುತ್ತದೆ. ಪೆಟ್ಟಿಗೆಯಲ್ಲಿ ಬರುವ 60 ಸೆಂ.ಮೀ. ತ್ರಿಜ್ಯದ ತಿರುವಿನಲ್ಲಿ ಅದು ತಿರುಗುವುದೇ ಇಲ್ಲ. ರೈಲ್‌ಬಸ್ ಗಿಡ್ಡ, ತಿರುಗುತ್ತದೆ. ಆದರೂ ನಿಮ್ಮ 15 ಅಡಿಯಲ್ಲಿ 1.2 ಮೀಟರ್ ತ್ರಿಜ್ಯಕ್ಕೆ ಧಾರಾಳ ಜಾಗವಿದೆ, ಅದಕ್ಕಿಂತ ಬಿಗಿ ಮಾಡಬೇಡಿ. ಏರು ಇಟ್ಟರೆ ಮೀಟರಿಗೆ 2 ಸೆಂ.ಮೀ. ಸಾಕು.

ಇನ್ನು ಮಳೆ. ಮಲೆನಾಡಿನಲ್ಲಿ ಈ ಹವ್ಯಾಸದ ಅರ್ಧ ಕೆಲಸ ನೀರು ಹೊರಗೆ ಹಾಕುವುದೇ. ಹಳಿಯನ್ನು ನೆಲದ ಮೇಲೆ ಹಾಸುವ ಯೋಚನೆ ಬಿಟ್ಟುಬಿಡಿ. ಜಂಬಿಟ್ಟಿಗೆ ಕಲ್ಲಿನಲ್ಲಿ ಎರಡೂವರೆ ಅಡಿ ಎತ್ತರದ ಕಟ್ಟೆ ಕಟ್ಟಿ, ಅಲ್ಲಲ್ಲಿ ನೀರು ಹೋಗಲು ಸಂದು ಬಿಡಿ. ಒಳಗೆ ಕೆಳಗಡೆ 20 ಮಿ.ಮೀ. ಜಲ್ಲಿ, ಮೇಲೆ ನಾಲ್ಕು ಬೆರಳು ದಪ್ಪ ಬೇಬಿ ಜಲ್ಲಿ ಮತ್ತು ಜಲ್ಲಿ ಪುಡಿ. ಹೊಳೆಯ ನುಣ್ಣನೆ ಕಲ್ಲು ನೋಡಲು ಚಂದ, ಆದರೆ ಉರುಳುತ್ತದೆ. ಒಡೆದ ಜಲ್ಲಿಯ ಮೂಲೆಗಳು ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ, ದೊಡ್ಡ ರೈಲಿನವರು ಅದನ್ನೇ ಹಾಕುವುದು ಅದಕ್ಕೇ. ಸ್ಲೀಪರಿಗೆ (ಹಳಿಯ ಕೆಳಗಿನ ಅಡ್ಡಪಟ್ಟಿಗೆ) ಅಡಿಕೆ ದಬ್ಬೆಯ ಯೋಚನೆ ನಮ್ಮ ಕಡೆ ಯಾರಿಗಾದರೂ ಬರುತ್ತದೆ. ಬೇಡ, ಗೆದ್ದಲು ಬಿಡುವುದಿಲ್ಲ. ಬಿಸಿಲು ತಡೆಯುವ ಪ್ಲಾಸ್ಟಿಕ್ ಸ್ಲೀಪರೇ ವಾಸಿ.

ಹಳಿ ಹಿತ್ತಾಳೆಯದೇ ತೆಗೆದುಕೊಳ್ಳಿ. ಎಲ್ಲೂ ಸಿಮೆಂಟಿಗೆ ಬಿಗಿಯಬೇಡಿ. ಬೆಳಗಿನ ಚಳಿಗೂ ಮಧ್ಯಾಹ್ನದ ಬಿಸಿಲಿಗೂ ಹಳಿಯ ಬಿಸಿಯಲ್ಲಿ 35 ಡಿಗ್ರಿ ವ್ಯತ್ಯಾಸವಾದರೆ 10 ಮೀಟರ್ ಹಿತ್ತಾಳೆ 6.5 ಮಿ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಅಲ್ಯೂಮಿನಿಯಂ ಇನ್ನೂ ಜಾಸ್ತಿ. ಒಂದು ಕಡೆ ಮಾತ್ರ ಹಿಡಿತ ಕೊಟ್ಟು ಉಳಿದದ್ದು ಜಲ್ಲಿಯಲ್ಲಿ ಸರಾಗ ಜರುಗುವಂತಿರಲಿ, ಕೀಲುಗಳಲ್ಲಿ ಎಳೆಯಷ್ಟು ಸಂದು ಇರಲಿ.

ಕರೆಂಟನ್ನು ಹಳಿಯಲ್ಲಿ ಹರಿಸಬೇಕೋ ಬ್ಯಾಟರಿ ಇಡಬೇಕೋ ಅಂತ ಮುಂದೆ ನೀವೇ ಕೇಳುತ್ತೀರಿ. ನಿಮ್ಮೂರಿಗೆ ಬ್ಯಾಟರಿ, ರೇಡಿಯೊ ಕಂಟ್ರೋಲ್. ಹಳಿಗೆ ಪಾಚಿ ಹಿಡಿದರೆ, ಕೊಳೆರೋಗಕ್ಕೆ ಅಡಿಕೆಗೆ ಹೊಡೆದ ಬೋರ್ಡೋ ದ್ರಾವಣದ ಸುಣ್ಣ ಪದರವಾಗಿ ಕೂತರೆ ಚಕ್ರಕ್ಕೆ ಕರೆಂಟ್ ಸಿಗುವುದಿಲ್ಲ. ಬ್ಯಾಟರಿ ಗಾಡಿಗೆ ಇದ್ಯಾವುದರ ಹಂಗೂ ಇಲ್ಲ.

ಮೈಸೂರಿನಿಂದ:

ಮೇಲಿನವರು ಹೇಳಿದ ಎರಡೂವರೆ ಅಡಿ ಕಟ್ಟೆಗೆ ನನ್ನದೂ ಒಂದು ಕಾರಣ ಸೇರಿಸುತ್ತೇನೆ. ಫೋಟೊ ನಿಜವಾಗಿ ಕಾಣುವುದು ಎಂಜಿನಿನ ಅಂದಕ್ಕಿಂತ ಹೆಚ್ಚಾಗಿ ನೀವು ಎಲ್ಲಿ ನಿಂತು ನೋಡುತ್ತೀರಿ ಅನ್ನುವುದರಿಂದ. ಪ್ಲಾಟ್‌ಫಾರಂ ಮೇಲೆ ನಿಂತ ಮನುಷ್ಯನ ಕಣ್ಣು 1:22.5ರಲ್ಲಿ ಏಳು ಸೆಂ.ಮೀ. ಎತ್ತರದಲ್ಲಿರುತ್ತದೆ. ಲೆನ್ಸ್ ಅಲ್ಲಿಗೆ ಇಳಿಯಬೇಕು. ನೆಲದ ಹಳಿಗೆ ಅಷ್ಟು ಬಗ್ಗಿ ದಿನಾ ಫೋಟೊ ತೆಗೆಯುವವರು ಯಾರೂ ಇಲ್ಲ. ಹಾಗಾಗಿ ಕಲ್ಲು ಇಳಿಸುವ ಮೊದಲೇ ಕ್ಯಾಮೆರಾ ಕೂರುವ ಜಾಗಗಳನ್ನು ಗುರುತು ಮಾಡಿ. ಹಗ್ಗ ಹಾಸಿ ಹಳಿಯ ದಾರಿ ತೋರಿಸಿ, ಪಕ್ಕದಲ್ಲಿ ಫೋನ್ ಹಿಡಿದು ಹಿಂದೆ ಏನು ಕಾಣುತ್ತದೆ ನೋಡಿ. ಬಟ್ಟೆ ಒಣಹಾಕುವ ತಂತಿ, ಸಿಂಟೆಕ್ಸ್ ಟ್ಯಾಂಕ್, ಪಕ್ಕದ ಮನೆಯ ಕಿಟಕಿ ಕಂಡರೆ ಹಗ್ಗ ಸರಿಸಿ. ಹಳಿ ಹಾಕಿದ ಮೇಲೆ ಸರಿಸುವುದು ಯಾರಿಗೂ ಆಗುವುದಿಲ್ಲ.

ಫೋನನ್ನು ತಲೆಕೆಳಗು ಹಿಡಿಯಿರಿ, ಲೆನ್ಸ್ ಹಳಿಯ ಮಟ್ಟಕ್ಕೆ ಬರುತ್ತದೆ. ಈ ಕೆಲಸದಲ್ಲಿ ದೊಡ್ಡ ಕ್ಯಾಮೆರಾಗಿಂತ ಫೋನಿಗೇ ಒಂದು ಅನುಕೂಲವಿದೆ. ಸೆನ್ಸರ್ ಚಿಕ್ಕದಾದ್ದರಿಂದ ಹತ್ತಿರದ ಹಳಿಯಿಂದ ದೂರದ ಗಿಡದವರೆಗೆ ಬಹಳಷ್ಟು ಸ್ಪಷ್ಟವಾಗಿ ಬರುತ್ತದೆ. ಎಂಜಿನಿನ ಮೂತಿ ಮಾತ್ರ ಚೂಪಾಗಿ, ಉಳಿದದ್ದೆಲ್ಲ ಮಸುಕಾದರೆ ಕಣ್ಣು ತಕ್ಷಣ ಆಟಿಕೆ ಅಂತ ಹಿಡಿದುಬಿಡುತ್ತದೆ. ದೊಡ್ಡ ಕ್ಯಾಮೆರಾ ಇದ್ದರೆ ಲೆನ್ಸಿನ ಕಿಂಡಿಯನ್ನು ಎಫ್/11, ಎಫ್/16ಕ್ಕೆ ಕಿರಿದು ಮಾಡಿ ಸ್ವಲ್ಪ ಹಿಂದೆ ಸರಿದು ತೆಗೆಯಿರಿ. ಗಾಡಿ ನಿಂತಿರುವಾಗಲಾದರೆ ಫೋಕಸ್ ಬದಲಿಸುತ್ತ ಹಲವು ಫೋಟೊ ತೆಗೆದು ಒಂದಾಗಿ ಸೇರಿಸಬಹುದು. ಗಾಳಿಗೆ ಎಲೆ ಅಲುಗಾಡದ ಹೊತ್ತು ಬೇಕು.

ಗಿಡದ ಬಗ್ಗೆ ನನಗೆ ಹಟವೇ ಇದೆ. ಎರಡು ಸೆಂ.ಮೀ. ಎಲೆ ಮಾದರಿಯ ಲೋಕದಲ್ಲಿ 45 ಸೆಂ.ಮೀ. ಆಗುತ್ತದೆ. ಅಂಥ ಎಲೆಯ ಮರ ತಾಳಗುಪ್ಪದ ದಾರಿಯಲ್ಲಿ ತೇಗ ಬಿಟ್ಟರೆ ಎಷ್ಟಿದ್ದೀತು? ಸಣ್ಣ ಎಲೆಯ ಮರುಗ, ದವನ ಹಳಿ ಪಕ್ಕದ ಪೊದೆಗೆ ಬಹಳ ಚೆನ್ನ, ಚಿವುಟಿದಷ್ಟೂ ಒತ್ತಾಗುತ್ತವೆ. ಹಳಿಯ ತೀರಾ ಹತ್ತಿರ ಮಾತ್ರ ಏನೂ ಬೇಡ. ಗರಿಕೆ ಕಂಡ ದಿನವೇ ಬೇರು ಸಮೇತ ಕೀಳಿ. ಫೋಟೊ ತೆಗೆಯುವ ಮೊದಲು ಎಲೆ ಮೇಲಿನ ನೀರು ಒರೆಸಿ, ಮೂರು ಮಿ.ಮೀ. ಹನಿ ಅಲ್ಲಿ ಏಳು ಸೆಂ.ಮೀ. ಗುಂಡಾಗಿ ಕಾಣುತ್ತದೆ.

ಬೆಳಕು: ಬೆಳಿಗ್ಗೆ ಎಂಟರೊಳಗೆ, ಸಂಜೆ ಐದರ ಮೇಲೆ. ನಡು ಹಗಲಲ್ಲಿ ಚಕ್ರದ ಭಾಗ ಪೂರ್ತಿ ಕಪ್ಪಾಗುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಥರ್ಮಕೋಲ್ ಹಾಳೆ ನೆಲಕ್ಕಿಟ್ಟು ಬೆಳಕು ಚಿಮ್ಮಿಸಿ. ವೇಗವೂ ಅಳತೆಯಲ್ಲಿರಲಿ. ಗಂಟೆಗೆ 40 ಕಿ.ಮೀ. ಓಡುವ ಗಾಡಿ ಇಲ್ಲಿ ಸೆಕೆಂಡಿಗೆ ಅರ್ಧ ಮೀಟರ್ ಸಾಗಿದರೆ ಸರಿ. ವಿಡಿಯೊದಲ್ಲಿ ಎಲ್ಲರೂ ಓಡಿಸಿಬಿಡುತ್ತಾರೆ, ಅಲ್ಲಿಗೆ ಮಾಯೆ ಹರಿಯುತ್ತದೆ.

ಬಿಡುವಾದಾಗ ಮೈಸೂರಿನ ರೈಲು ಮ್ಯೂಸಿಯಂಗೆ ಬನ್ನಿ. 1979ರಲ್ಲಿ ಶುರುವಾದದ್ದು. ಅಲ್ಲಿನ ಹಳೆಯ ಗಾಡಿಗಳ ತುಕ್ಕು ಎಲ್ಲಿಂದ ಇಳಿದಿದೆ, ಬಣ್ಣ ಎಲ್ಲಿ ಮಾಸಿದೆ ನೋಡಿ ಫೋಟೊ ತೆಗೆದುಕೊಂಡು ಹೋಗಿ. ಮಾದರಿಗೆ ಬಣ್ಣ ಹೊಡೆಯುವಾಗ ಅದೇ ಪಾಠ.

ಜರ್ಮನಿಯ ನ್ಯೂರೆಂಬರ್ಗ್ ಹತ್ತಿರದಿಂದ:

ಹುಟ್ಟೂರು ಹಾಸನ, ಈಗ ಇಲ್ಲಿದ್ದೇನೆ. ಜಿ ಸ್ಕೇಲ್ ಬೆಳೆದ ಊರೇ ಇದು. ಇಲ್ಲಿನ ಲೇಮನ್ ಕಂಪನಿ 1968ರಲ್ಲಿ ಎಲ್‌ಜಿಬಿ ಹೆಸರಿನ ಮಾದರಿ ರೈಲನ್ನು ಹೊರತಂದಿತು, 2007ರಿಂದ ಅದು ಮೆರ್ಕ್ಲಿನ್ ಅನ್ನುವ ಇನ್ನೊಂದು ಮಾದರಿ ರೈಲು ಕಂಪನಿಯ ಕೈಯಲ್ಲಿದೆ. ಜರ್ಮನಿಯ ಹಾರ್ಟ್ಸ್ ಬೆಟ್ಟದ ರೈಲು, ಸ್ವಿಟ್ಜರ್ಲೆಂಡಿನ ರೇಟಿಯನ್ ರೈಲು ಎರಡೂ ಮೀಟರ್‌ಗೇಜ್ ಆದ್ದರಿಂದ ಅವುಗಳ ಮಾದರಿ ಸಿದ್ಧವಾಗಿ ಸಿಗುತ್ತವೆ. ನಮ್ಮ ರೈಲ್‌ಬಸ್ ಸಿಗುವುದಿಲ್ಲ. ಎರಡು ಗಾಲಿ ಜೋಡಿಯ, ಮೋಟಾರು ಕೂತ ಚಾಸಿ (ಗಾಡಿಯ ಅಡಿಭಾಗ) ಒಂದನ್ನು ಕೊಂಡು, ಮೇಲಿನ ಕವಚವನ್ನು ಅಳತೆ ತೆಗೆದು ನೀವೇ ಮಾಡಿ. 3ಡಿ ಪ್ರಿಂಟ್ ಮಾಡಿಸುವುದಾದರೆ ಪಿಎಲ್ಎ ಪ್ಲಾಸ್ಟಿಕ್ ಬೇಡ, ಅದು 60 ಡಿಗ್ರಿ ಹೊತ್ತಿಗೆ ಮೆತ್ತಗಾಗುತ್ತದೆ, ಬೇಸಗೆಯಲ್ಲಿ ಗಾಢ ಬಣ್ಣದ ಗಾಡಿ ಬಿಸಿಲಲ್ಲಿ ಸೊಟ್ಟಗಾಗಬಹುದು. ಬಿಸಿಲು ತಡೆಯುವ ಎಎಸ್‌ಎ ಪ್ಲಾಸ್ಟಿಕ್ ಕೇಳಿ.

ಬ್ಯಾಟರಿ ವಿಷಯದಲ್ಲಿ ತೀರ್ಥಹಳ್ಳಿಯವರ ಮಾತಿಗೆ ನನ್ನದು ಸ್ವಲ್ಪ ಭಿನ್ನ. ಹಳಿಯಲ್ಲಿ ಕರೆಂಟ್ ಇದ್ದರೆ ಚಾರ್ಜಿನ ಚಿಂತೆಯಿಲ್ಲದೆ ಮಕ್ಕಳು ಇಡೀ ಸಂಜೆ ಓಡಿಸುತ್ತಾರೆ. ವಾರಕ್ಕೊಮ್ಮೆ ಪಾತ್ರೆ ತಿಕ್ಕುವ ಒರಟು ಪ್ಯಾಡನ್ನು ಕೋಲಿಗೆ ಕಟ್ಟಿ ಉಜ್ಜಿದರಾಯಿತು. ಆದರೆ ಇದು ಇಲ್ಲಿನ ಮಳೆಯ ಮಾತು. ಆಗುಂಬೆ ಪಕ್ಕದವರ ಜೊತೆ ಈ ವಿಷಯದಲ್ಲಿ ವಾದ ಮಾಡುವ ಧೈರ್ಯ ನನಗಿಲ್ಲ.

ಮತ್ತೆ ಸಾಗರದಿಂದ:

ಎಲ್ಲರಿಗೂ ನಮಸ್ಕಾರ, ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಮಳೆಗಾಲಕ್ಕೆ ಮೊದಲೇ ಪೂರ್ತಿ ಸುತ್ತು ಮುಗಿಸಲೇ, ಕಾಯಲೇ?

ತೀರ್ಥಹಳ್ಳಿ ಕಡೆಯಿಂದ:

ಈಗ ಕಟ್ಟೆ ಮತ್ತು ಜಲ್ಲಿ ಮಾತ್ರ ಮುಗಿಸಿ, ಹಳಿ ಹತ್ತೇ ಅಡಿ ಹಾಸಿ. ಜುಲೈ ಮಳೆಯಲ್ಲಿ ಕೊಡೆ ಹಿಡಿದು ನಿಂತು ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಜಲ್ಲಿ ಕೊಚ್ಚುತ್ತದೆ ಗುರುತು ಹಾಕಿಕೊಳ್ಳಿ. ದಸರೆ ಕಳೆದ ಮೇಲೆ ಅಲ್ಲೆಲ್ಲ ಸರಿಪಡಿಸಿ ಉಳಿದ ಹಳಿ ಹಾಸಿ. ಹಳಿ ತರಿಸಲು ಆರ್ಡರ್ ಮಾತ್ರ ಈಗಲೇ ಕೊಡಿ, ಹೊರದೇಶದಿಂದ ಬರಲು ತಡವಾಗುತ್ತದೆ.