ಕಾಫಿಪುಡಿ ಯುನಿಟ್‌ನಲ್ಲಿ ಜನ ನಿಲ್ತಾ ಇಲ್ಲ, ಏನ್ ಮಾಡ್ಬಹುದು? (ಚಿಕ್ಕಮಗಳೂರು)

ಮಲ್ನಾಡ್_ಪುಡಿ:
ಎಲ್ರಿಗೂ ನಮಸ್ಕಾರ. ಚಿಕ್ಕಮಗಳೂರಲ್ಲಿ ನಮ್ದು ಸಣ್ಣ ಕಾಫಿಪುಡಿ ಯುನಿಟ್, ಹುರಿಯೋದು, ಪುಡಿ ಮಾಡೋದು, ಪ್ಯಾಕಿಂಗ್ ಎಲ್ಲ ಒಂದೇ ಕಡೆ, ಮುಂದೆ ಒಂದು ಅಂಗಡಿ. ಒಟ್ಟು 14 ಜನ, ಪ್ಯಾಕಿಂಗ್‌ನಲ್ಲಿ ಇರೋರೆಲ್ಲ ಹೆಂಗಸರು. ನವೆಂಬರ್ ಬಂತು ಅಂದ್ರೆ ಅರೇಬಿಕಾ ಹಣ್ಣು ಕುಯ್ಯೋಕೆ ತೋಟಕ್ಕೆ ಹೋಗ್ಬಿಡ್ತಾರೆ, ಅಲ್ಲಿ ಕೆಜಿ ಲೆಕ್ಕ, ಗಂಡ ಹೆಂಡ್ತಿ ಇಬ್ರೂ ಸೇರಿ ಕುಯ್ದ್ರೆ ನಾನು ಕೊಡೋದಕ್ಕಿಂತ ಜಾಸ್ತಿನೇ ಸಿಗುತ್ತೆ, ಅದು ಮುಗಿಯೋ ಹೊತ್ತಿಗೆ ರೋಬಸ್ಟಾ ಶುರುವಾಗಿರುತ್ತೆ, ಕೆಲವ್ರು ವಾಪಸ್ ಬರೋದೇ ಇಲ್ಲ. ಅಂಗಡಿ ಹುಡುಗ್ರದ್ದು ಬೇರೆ ಕಥೆ. ಶನಿವಾರ ಭಾನುವಾರ ಮುಳ್ಳಯ್ಯನಗಿರಿ ಟೂರಿಸ್ಟ್ ರಶ್ಶು, ರಜೆ ಕೊಡೋಕಾಗಲ್ಲ, ಅವ್ರ ಮನೆ ಮದುವೆ ಗೃಹಪ್ರವೇಶ ಎಲ್ಲ ಭಾನುವಾರನೇ. ಎಚ್‌ಆರ್ ಅಂತ ಒಬ್ರನ್ನ ಇಡೋ ಶಕ್ತಿ ಇಲ್ಲ, ಲೆಕ್ಕಪತ್ರ ಎಲ್ಲ ನನ್ನ ಹೆಂಡ್ತಿನೇ ನೋಡ್ತಾಳೆ. ಸಂಬಳ ಜಾಸ್ತಿ ಮಾಡೋದು ಬಿಟ್ಟು ಬೇರೆ ಏನಾದ್ರೂ ದಾರಿ ಇದ್ರೆ ಹೇಳಿ.

ಲೆಕ್ಕದ_ಅಕ್ಕ_ಹಾಸನ:
ಸರ್, ನಾನು ಹಾಸನದಲ್ಲಿ ಸಣ್ಣ ಸಣ್ಣ ಅಂಗಡಿ, ವರ್ಕ್‌ಶಾಪ್‌ಗಳ ಪಿಎಫ್, ಇಎಸ್‌ಐ (ಕೆಲಸದವ್ರ ಸರ್ಕಾರಿ ಆರೋಗ್ಯ ವಿಮೆ) ಕೆಲಸ ಮಾಡಿಕೊಡ್ತೀನಿ. ಮೊದಲು ಒಂದು ಕೇಳ್ತೀನಿ, 14 ಜನರಲ್ಲಿ ಎಷ್ಟು ಜನರ ಕೈಯಲ್ಲಿ ನೇಮಕಾತಿ ಪತ್ರ ಇದೆ? ನಮ್ಮ ಕಡೆ ಎಲ್ಲ ಬಾಯಿಮಾತಲ್ಲೇ ನಡೆಯುತ್ತೆ. 2025ರ ನವೆಂಬರ್ 21ಕ್ಕೆ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಪ್ರಕಾರ ಎಲ್ಲರಿಗೂ ಪತ್ರ ಕೊಡಲೇಬೇಕು. ಒಂದು ಪುಟ ಸಾಕು, ಸಂಬಳ ಎಷ್ಟು, ಯಾವ ತಾರೀಖಿಗೆ, ವಾರದ ರಜೆ ಯಾವತ್ತು, ಓಟಿ (ಹೆಚ್ಚುವರಿ ಗಂಟೆ ಕೆಲಸದ ದುಡ್ಡು) ಹೇಗೆ, ಬಿಡೋದಾದ್ರೆ ಎಷ್ಟು ದಿನ ಮುಂಚೆ ಹೇಳ್ಬೇಕು. ಓಟಿಗೆ ಡಬಲ್ ಅನ್ನೋದು ನೆನಪಿರ್ಲಿ.

ಆಮೇಲೆ ಇಎಸ್‌ಐ. 10 ಜನ ದಾಟಿದೀರ, ಹಾಗಾಗಿ ಮಾಡಿಸ್ಲೇಬೇಕು. 21,000 ರೂಪಾಯಿವರೆಗಿನ ಸಂಬಳದವ್ರಿಗೆ ಅನ್ವಯ, ನಿಮ್ಮ ಪಾಲು ಶೇ 3.25, ಅವ್ರ ಪಾಲು ಶೇ 0.75. 14,000 ಸಂಬಳದವ್ರಿಗೆ ನಿಮ್ಮಿಂದ 455, ಅವ್ರಿಂದ 105 ರೂಪಾಯಿ ಅಷ್ಟೇ. ಬಹಳ ಕಡೆ ಮಾಲೀಕ್ರು ಇದನ್ನ ಕಟ್ತಾರೆ, ಆದ್ರೆ ಕೆಲಸದವ್ರಿಗೆ ಕಾರ್ಡ್ ಹೇಗೆ ಬಳಸೋದು ಅಂತ ಯಾರೂ ಹೇಳಲ್ಲ, ಅವ್ರ ಕಣ್ಣಿಗೆ ಅದು ಬರೀ ಸಂಬಳದಲ್ಲಿ ಕಡಿತ. ಮನೇಲಿ ಯಾರಿಗೋ ಹುಷಾರಿಲ್ಲ ಅಂತ ಸಾಲ ಮಾಡೋ ಹೆಂಗಸಿಗೆ, ಗಂಡ ಮಕ್ಕಳಿಗೂ ಇದ್ರಲ್ಲೇ ಚಿಕಿತ್ಸೆ ಸಿಗುತ್ತೆ ಅಂತ ಕೂರಿಸಿ ಹೇಳಿ ನೋಡಿ. ತೋಟದಲ್ಲಿ ಮೂರ್ನಾಲ್ಕು ತಿಂಗಳು ದುಡ್ಡು ಜಾಸ್ತಿ ಸಿಗ್ಬಹುದು, ಈ ಭದ್ರತೆ ಸಿಗಲ್ಲ. ಐದು ವರ್ಷ ಆದ್ರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸಿಗೋ ಇಡುಗಂಟು), ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ, ಅದನ್ನೂ ಹೇಳಿ.

ಕಾಳುಮೆಣಸು77:
ಇದೆಲ್ಲ ಕೇಳೋಕೆ ಚೆನ್ನಾಗಿದೆ ಅಕ್ಕ, ಆದ್ರೆ ಏನೇ ಕೊಟ್ರೂ ಹೋಗೋರು ಹೋಗ್ತಾರೆ. ನಾನಂತೂ ಅಸ್ಸಾಂ ಹುಡುಗ್ರನ್ನ ಹಾಕ್ಕೊಂಡಿದೀನಿ.

ಪ್ಯಾಕಿಂಗ್_ಸೂಪರ್‌ವೈಸರ್:
77 ಅವ್ರೇ, ಇಲ್ಲಿಯವ್ರು ಬಿಟ್ಟುಹೋಗೋ ಕಾರಣ ಹಾಗೇ ಇದ್ರೆ, ಅಸ್ಸಾಂನಿಂದ ಬಂದವ್ರೂ ಹೋಗ್ತಾರೆ.

ನಾನು ಮುಂಚೆ ಹಾಸನದಲ್ಲಿ ಗಾರ್ಮೆಂಟ್ಸ್‌ನಲ್ಲಿದ್ದೆ, ಹೆಸರು ಬೇಡ. ಸಂಬಳ ಟೈಮಿಗೆ ಸರಿಯಾಗೇ ಬರ್ತಿತ್ತು, ಆದ್ರೂ ಬಿಟ್ಟೆ. ಟಾಯ್ಲೆಟ್‌ಗೆ ಹೋಗೋಕೆ ಗಂಡಸ್ರ ಹತ್ರ ಚೀಟಿ ಕೇಳ್ಬೇಕು, ಒಂದು ಪೀಸ್ ತಪ್ಪಾದ್ರೆ ಇಡೀ ಲೈನ್ ಮುಂದೆ ಬೈಗುಳ, ಅದೂ ಏಕವಚನದಲ್ಲಿ, ನಮ್ಮಮ್ಮನ ವಯಸ್ಸಿನವ್ರಿಗೂ. ಈಗಿರೋ ಕಡೆ ಸಂಬಳ ಸ್ವಲ್ಪ ಕಮ್ಮಿನೇ, ಆದ್ರೆ ಓನರ್ ಎಲ್ರನ್ನೂ ಬನ್ನಿ ಹೋಗಿ ಅಂತಾರೆ, ತಪ್ಪಾದ್ರೆ ಪಕ್ಕಕ್ಕೆ ಕರೆದು ಹೇಳ್ತಾರೆ, ಊಟಕ್ಕೆ ಕೂರೋಕೆ ಬೇರೆ ರೂಮಿದೆ. ಸರ್, ನಿಮ್ಮ ಪ್ಯಾಕಿಂಗ್ ಹೆಂಗಸರು ಮಧ್ಯಾಹ್ನ ಎಲ್ಲಿ ಕೂತು ಉಣ್ತಾರೆ ಅಂತ ಒಂದ್ಸಲ ನೋಡಿ. ಹುರಿಯೋ ಮಿಷನ್ ಪಕ್ಕ ಹೊಗೆಲಿ ಮೂಟೆ ಮೇಲೆ ಕೂತಿದ್ರೆ, ಮೊದಲು ಅದನ್ನ ಸರಿ ಮಾಡಿ.

ಇನ್ನೊಂದು, 10 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರ್ಬೇಕು, ಹೆಂಗಸರೇ ಅಧ್ಯಕ್ಷರು, ಹೊರಗಿನವ್ರು ಒಬ್ರು. ಗೋಡೆಗೆ ಹೆಸರು ಹಾಕಿ ಸುಮ್ನಾಗ್ಬೇಡಿ, ಅದೇನು ಅಂತ ಅವ್ರಿಗೆ ವಿವರಿಸಿ.

ಸಕ್ಲೇಶ್ಪುರ_ಬೇಕರಿ:
ಭಾನುವಾರದ ವಿಷ್ಯಕ್ಕೆ ನಾವು ಮಾಡೋದು ಹೇಳ್ತೀನಿ. ನಮ್ದೂ ಹೈವೇ ಅಂಗಡಿ, ವೀಕೆಂಡೇ ವ್ಯಾಪಾರ. ತಿಂಗಳ ಶುರುವಲ್ಲೇ ಯಾರಿಗೆ ಯಾವ ಭಾನುವಾರ ರಜೆ ಅಂತ ಹುಡುಗ್ರೇ ಕೂತು ಬರೀತಾರೆ, ಪ್ರತಿಯೊಬ್ರಿಗೂ ತಿಂಗಳಿಗೆ ಒಂದು ಗ್ಯಾರಂಟಿ, ಮಿಕ್ಕ ವಾರ ಮಂಗಳವಾರನೋ ಬುಧವಾರನೋ. ಅದಲು ಬದಲು ಅವ್ರವ್ರೇ ಮಾಡ್ಕೋತಾರೆ, ನಾನು ತಲೆ ಹಾಕಲ್ಲ. ಹೇಳ್ದೆ ಕೇಳ್ದೆ ಚಕ್ಕರ್ ಹಾಕೋದು ತುಂಬಾ ಕಮ್ಮಿ ಆಯ್ತು.

ಕುಯ್ಲಿನ ಸೀಸನ್‌ಗೆ ನೀವು ತಡೆಯೋಕೆ ಹೋಗ್ಬೇಡಿ, ಹೊಟ್ಟೆಪಾಡು ಅದು. ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಸಂಬಳ ಇಲ್ಲದ ರಜೆ, ವಾಪಸ್ ಬಂದ್ರೆ ಅದೇ ಸಂಬಳ, ಅದೇ ಸೀನಿಯಾರಿಟಿ ಅಂತ ಬರೆದುಕೊಡಿ, ಇಬ್ರು ಇಬ್ರು ಸರದಿ ಮೇಲೆ ಹೋಗ್ಲಿ.

ಮಲ್ನಾಡ್_ಪುಡಿ:
ಎಲ್ರಿಗೂ ಥ್ಯಾಂಕ್ಸ್. ಊಟದ ಜಾಗ ಇವತ್ತೇ ನೋಡ್ತೀನಿ, ಗೋಡೌನ್ ಪಕ್ಕ ಒಂದು ರೂಮ್ ಖಾಲಿ ಇದೆ. ಅಕ್ಕ, ಪತ್ರ ಇಂಗ್ಲಿಷಲ್ಲೇ ಇರ್ಬೇಕಾ?

ಲೆಕ್ಕದ_ಅಕ್ಕ_ಹಾಸನ:
ಕನ್ನಡದಲ್ಲೇ ಕೊಡಿ ಸರ್, ಓದೋಕೆ ಬರದವ್ರಿಗೆ ನಿಮ್ಮ ಮನೆ ಮೇಡಂ ಓದಿ ಹೇಳ್ಲಿ. ಎರಡು ಪ್ರತಿ ಮಾಡ್ಸಿ, ಸಹಿ ಇರೋ ಒಂದು ಪ್ರತಿ ಅವ್ರ ಕೈಲೇ ಇರ್ಲಿ. ಏಪ್ರಿಲ್‌ನಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಬದಲಾಗುತ್ತೆ, ಸಂಬಳ ಬರೆಯೋ ಮುಂಚೆ ಅದನ್ನ ಒಂದ್ಸಲ ನೋಡ್ಕೊಳ್ಳಿ.