ಮನೇಲಿ ಉಜ್ಜಿದ ಗ್ರೌಂಡ್ ಗ್ಲಾಸ್: ಗೀರು ಹೋಗ್ತಿಲ್ಲ, ಮೂಲೆ ಪಳಪಳ, ಫೋಕಸ್ ಬೇರೆ ತಪ್ತಿದೆ

ತಲೆಕೆಳಗು:
ಎಲ್ರಿಗೂ ನಮಸ್ಕಾರ. ನನ್ 4×5 ಇಂಚು ಫಿಲಂ ಕ್ಯಾಮೆರಾದ ಗ್ರೌಂಡ್ ಗ್ಲಾಸ್ (ಹಿಂದ್ಗಡೆ ಚಿತ್ರ ಮೂಡೋ, ಫೋಕಸ್ ನೋಡೋ ಮಂಜು ಗಾಜು) ಒಡೆದೋಯ್ತು, ನಾನೇ ಒಂದು ಮಾಡ್ಕೊಳೋಣ ಅಂತ ಕೂತೆ. 2 ಎಂಎಂ ಸಾದಾ ಗಾಜು, ಸಿಲಿಕಾನ್ ಕಾರ್ಬೈಡ್ ಪುಡಿ ಮೊದ್ಲು 220 ಗ್ರಿಟ್ ಆಮೇಲೆ 400 ಆಮೇಲೆ 600 (ನಂಬರ್ ಹೆಚ್ಚಾದಷ್ಟೂ ಪುಡಿ ನುಣುಪು), ನೀರು ಹಾಕ್ಕೊಂಡು ಮೇಲಿಂದ ಚಿಕ್ಕ ಗಾಜಿನ ತುಂಡಲ್ಲಿ ಉಜ್ಜಿದ್ದು. ನಡುವೆ ಚೆನ್ನಾಗೇ ಮಂಜಾಗಿದೆ, ನಾಲ್ಕೂ ಮೂಲೆ ಮಾತ್ರ ಇನ್ನೂ ಪಳಪಳ, ಜೊತೆಗೆ ಮೂರ್ನಾಲ್ಕು ಗೀರು, 600ರಲ್ಲಿ ಇನ್ನೊಂದು ಗಂಟೆ ತಿಕ್ಕಿದ್ರೂ ಜಗ್ಲಿಲ್ಲ. ಹಾಳಾಗ್ಲಿ ಅಂತ ಹಾಗೇ ಹಾಕಿ ಫೋಟೋ ತೆಗೆದ್ರೆ ಎಫ್/22ರಲ್ಲಿ (ಲೆನ್ಸ್ ಕಿಂಡಿ ಚಿಕ್ಕದು) ಎಲ್ಲಾ ಸರಿ, ಎಫ್/5.6ರಲ್ಲಿ (ಕಿಂಡಿ ದೊಡ್ಡದು) ಕಣ್ಣಿಗೆ ಫೋಕಸ್ ಮಾಡಿದ್ರೆ ಕಿವಿ ಶಾರ್ಪ್! ಲೆನ್ಸ್ 150 ಎಂಎಂ.

ಕಪ್ಪುಬಟ್ಟೆ:
ಉಜ್ಜೋ ಮೊದ್ಲು ಗಾಜಿನ ಅಂಚಿನ ಚೂಪು ಸವರಿದ್ರಾ? ಗ್ರಿಟ್ ಬದಲಾಯಿಸುವಾಗ ಏನೇನು ತೊಳೆದ್ರಿ?

ತಲೆಕೆಳಗು:
ಅಂಚು ಕಟ್ ಮಾಡಿದ ಹಾಗೇ ಇದೆ ಸಾರ್. ಗಾಜು ಎರಡನ್ನೂ ನೀರಲ್ಲಿ ಜಾಲಾಡಿದೆ, ಟ್ರೇ ಮುಟ್ಟಿಲ್ಲ.

ಕಪ್ಪುಬಟ್ಟೆ:
ಸಿಕ್ತಲ್ಲ ಕಳ್ಳ. ಟ್ರೇಲಿ ಉಳಿದ ಒಂದೇ ಒಂದು 220 ಕಾಳು ಸಾಕು ಗೀರು ಹಾಕೋಕೆ, ಅಥವಾ ಸವರದ ಅಂಚಿಂದ ಚಕ್ಕೆ ಎದ್ದು ನಡುವೆ ಸಿಕ್ಕಾಕ್ಕೊಂಡಿರುತ್ತೆ. 600 ಆ ಗೀರಿನ ಆಳಕ್ಕೆ ಇಳಿಯೋಕೆ ದಿನಗಟ್ಟಲೆ ಬೇಕು, ಸುಮ್ನೆ 400ಕ್ಕೆ ವಾಪಸ್ ಹೋಗಿ, ಆಗ್ಲಿಲ್ಲಾಂದ್ರೆ 220ಕ್ಕೆ. ಅದಕ್ಕೂ ಮುಂಚೆ ಎರಡೂ ಗಾಜಿನ ಅಂಚನ್ನ ಸಾಣೆಕಲ್ಲಲ್ಲಿ ನೀರು ಹಾಕಿ ಸವರಿ, ಪ್ರತಿ ಗ್ರಿಟ್ ಆದ್ಮೇಲೆ ಟ್ರೇ, ಕೈ, ಉಗುರಿನ ಸಂದಿ ಎಲ್ಲಾ ಬ್ರಷ್ ಹಾಕಿ ತೊಳೀರಿ. ಮೂಲೆ ಯಾಕೆ ಪಳಪಳ ಅಂದ್ರೆ ನಿಮ್ ಕೈ ನಡುವೆನೇ ಸುತ್ತುತ್ತಿದೆ. ಎಂಟರ ಆಕಾರದಲ್ಲಿ ತಿರುಗಿಸ್ತಾ ಮೇಲಿನ ತುಂಡು ಮೂರರಲ್ಲೊಂದು ಭಾಗ ಅಂಚಿಂದ ಆಚೆ ಹೋಗೋ ಹಾಗೆ ಉಜ್ಜಿ, ಆಗಾಗ ಕೆಳಗಿನ ಗಾಜನ್ನೂ ತಿರುಗಿಸಿ ಇಡಿ. ಗಾಜು ಒದ್ದೆ ಇದ್ದಾಗ ಏನೂ ಗೊತ್ತಾಗಲ್ಲ, ಪೂರ್ತಿ ಒಣಗಿಸಿ ಓರೆ ಬೆಳಕಲ್ಲಿ ಲೂಪ್ (ಭೂತಗನ್ನಡಿ) ಹಿಡಿದು ನೋಡಿ. ಒಣಪುಡಿಯಲ್ಲಿ ಮಾತ್ರ ಉಜ್ಜಬೇಡಿ, ಆ ಧೂಳು ಎದೆಗೆ ಒಳ್ಳೇದಲ್ಲ. ಕೆಸರನ್ನ ಸಿಂಕಿಗೂ ಸುರೀಬೇಡಿ, ಪೈಪಲ್ಲಿ ಕೂತ್ಕೊಂಡ್ರೆ ಆಮೇಲೆ ಅದೊಂದು ಬೇರೆ ಥ್ರೆಡ್ ಹಾಕ್ಬೇಕಾಗುತ್ತೆ.

ಬೆಲ್ಲೋಸ್‌ರಿಪೇರಿ:
ಮಂಜಾದ ಕಡೆ ಯಾವ ಕಡೆಗಿದೆ, ಲೆನ್ಸ್ ಕಡೆಗಾ ನಿಮ್ ಕಡೆಗಾ?

ತಲೆಕೆಳಗು:
ನನ್ ಕಡೆಗೆ. ಪೆನ್ಸಿಲಲ್ಲಿ ಗೆರೆ ಹಾಕ್ಕೊಳಕ್ಕೆ ಅನುಕೂಲ ಅಂತ.

ಬೆಲ್ಲೋಸ್‌ರಿಪೇರಿ:
ಅಲ್ಲೇ ಎಡವಟ್ಟು. ಮಂಜಾದ ಕಡೆ ಲೆನ್ಸ್ ಕಡೆಗೇ ಇರ್ಬೇಕು, ಆ ಮೈ ಇರೋ ಜಾಗಕ್ಕೇ ಫಿಲಂ ಬಂದು ಕೂರೋದು. ನಿಮ್ದು 2 ಎಂಎಂ ಹಿಂದೆ ಹೋಗಿದೆ, ಗಾಜೊಳಗೆ ಬೆಳಕು ಬಾಗೋದ್ರಿಂದ ಗಾಜಿನ ದಪ್ಪದ ಮೂರರಲ್ಲೊಂದು ಭಾಗ ವಾಪಸ್ ಸಿಗುತ್ತೆ, ಉಳಿದ ತಪ್ಪು ಸುಮಾರು 1.3 ಎಂಎಂ. ಎಫ್/5.6ರಲ್ಲಿ ಫಿಲಂ ಹತ್ರ ಅರ್ಧ ಎಂಎಂ ಆಚೆ ಈಚೆ ಆದ್ರೆ ತಡೆಯುತ್ತೆ ಅಷ್ಟೆ, ಎಫ್/22ರಲ್ಲಿ 2 ಎಂಎಂ ತನಕ ಮುಚ್ಚೋಗುತ್ತೆ, ಅದಕ್ಕೇ ನಿಮಗೆ ಅಲ್ಲಿ ಕಾಣಿಸ್ಲಿಲ್ಲ. ತಿರುಗಿಸಿ ಹಾಕಿದ್ಮೇಲೂ ಒಂದ್ಸಲ ಅಳೀರಿ, ಫಿಲಂ ಹೋಲ್ಡರಲ್ಲಿ ವೇಸ್ಟ್ ಫಿಲಂ ಹಾಕಿ ಡೆಪ್ತ್ ಗೇಜ್ (ಆಳ ಅಳೆಯೋ ಸಾಧನ) ಇಟ್ರೆ 4×5ಗೆ ಸುಮಾರು 4.8 ಎಂಎಂ ಬರುತ್ತೆ, ಗಾಜಿನ ಫ್ರೇಮಲ್ಲೂ ಅಷ್ಟೇ ಬರ್ಬೇಕು.

ತಲೆಕೆಳಗು:
ತಿರುಗಿಸಿ ಹಾಕ್ದೆ, ಎಫ್/5.6ರಲ್ಲೇ ರೆಪ್ಪೆಕೂದಲು ಎಣಿಸ್ಬಹುದು ಈಗ! 220ರಿಂದ ಮತ್ತೆ ಶುರು ಮಾಡಿ ಮೂಲೆನೂ ಸರಿಯಾಯ್ತು. ಒಂದು ಗೀರು ಅಂಚಲ್ಲಿ ಉಳ್ಕೊಂಡಿದೆ, ಕೈ ನೋಯ್ತಿದೆ, ಬಿಟ್ಬಿಟ್ಟೆ.