ಯಾರತ್ತೆ ಅವರು ಅಂತ ಕೇಳಿದೆಯಲ್ಲ, ಪುಟ್ಟಿ

ಪುಟ್ಟಿ, ‘ಎಂ. ಚಿದಾನಂದಮೂರ್ತಿ ತೀರಿಕೊಂಡರು ಅಂತ ಬೆಳಿಗ್ಗೆಯಿಂದ ಟಿವಿಯಲ್ಲಿ ಬರುತ್ತಿದೆ, ಯಾರತ್ತೆ ಅವರು?’ ಅಂತ ಮನೆಯವರ ಗ್ರೂಪಿನಲ್ಲಿ ಕೇಳಿದ್ದೀಯ. ಅದರ ಕೆಳಗೆ ದೊಡ್ಡಪ್ಪ ‘ಟಿಪ್ಪು ಜಯಂತಿ ಬೇಡ ಅಂದವರು’ ಅಂತ ಒಂದೇ ಸಾಲು ಹಾಕಿ ಸುಮ್ಮನಾಗಿದ್ದಾರೆ. ನಾನು ಟೈಪ್ ಮಾಡಲು ಕೂತರೆ ರಾತ್ರಿಯಾಗುತ್ತದೆ, ಮಾತಲ್ಲೇ ಹೇಳುತ್ತೇನೆ. ಉದ್ದ ಆದರೆ ಅಡುಗೆ ಮಾಡುತ್ತಾ ಕೇಳಿ.

ಹಳೆಯ ಶಾಸನಗಳನ್ನು, ಅಂದರೆ ಕಲ್ಲಿನ ಮೇಲೆ ಕೆತ್ತಿದ ಬರಹಗಳನ್ನು, ಓದಿ ಇತಿಹಾಸ ಹೇಳಿದ ಕನ್ನಡದ ಸಂಶೋಧಕರು ಅವರು. ನಮ್ಮ ಕಡೆಯವರೇ ಕಣೇ. ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರು. 1931ರಲ್ಲಿ ಹುಟ್ಟಿದ್ದು, 88 ತುಂಬಿತ್ತು. ವಯಸ್ಸಾಗಿತ್ತು, ನಿಜ. ಆದರೂ ಸುದ್ದಿ ಕೇಳಿದಾಗಿನಿಂದ ಯಾವ ಕೆಲಸಕ್ಕೂ ಕೈ ಹೋಗುತ್ತಿಲ್ಲ.

ನಮಗೆಲ್ಲ ಶಾಸನ ಅಂದರೆ ಯಾವ ರಾಜ, ಯಾವ ಇಸವಿ, ಯಾರನ್ನು ಸೋಲಿಸಿದ, ಅಷ್ಟೇ. ಇವರು ಕನ್ನಡದ ವಿದ್ವಾಂಸ ತೀ.ನಂ. ಶ್ರೀಕಂಠಯ್ಯನವರ ಹತ್ತಿರ ಪಿಎಚ್.ಡಿ. ಮಾಡುವಾಗ ಕ್ರಿ.ಶ. 450ರಿಂದ 1150ರವರೆಗಿನ ಕನ್ನಡ ಶಾಸನಗಳನ್ನು ಮುಂದಿಟ್ಟುಕೊಂಡು ಬೇರೆಯೇ ಕೇಳಿದರು. ಜನ ಹೇಗೆ ಬದುಕಿದರು? ಏನು ಓದುತ್ತಿದ್ದರು? ಯಾವುದಕ್ಕೆ ದಾನ ಕೊಟ್ಟರು, ಯಾತಕ್ಕೆ ಪ್ರಾಣ ಬಿಟ್ಟರು? ಅವರ ಆ ಪ್ರಬಂಧ ಓದಿದ ಮೇಲೆ ನಾನು ವೀರಗಲ್ಲು, ಅಂದರೆ ಕಾಳಗದಲ್ಲಿ ಸತ್ತವನ ನೆನಪಿಗೆ ನೆಟ್ಟ ಕಲ್ಲು, ನೋಡುವ ರೀತಿಯೇ ಬದಲಾಯಿತು. ಕೆಳಗಿನ ಸಾಲಿನಲ್ಲಿ ಕಾಳಗ. ಅಲ್ಲಿ ದನಗಳನ್ನು ಕೆತ್ತಿದ್ದರೆ ಅವನು ಊರಿನ ದನ ಬಿಡಿಸಲು ಹೋಗಿ ಸತ್ತವನು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆಯಿಂದ ಹಿಡಿದು ಮೇಲೆ ಕರೆದೊಯ್ಯುತ್ತಾರೆ. ತುದಿಯಲ್ಲಿ ಲಿಂಗದ ಮುಂದೆ ಕೂತಿರುತ್ತಾನೆ. ಬಳೆ ತೊಟ್ಟ ಒಂದು ಕೈ ಮಾತ್ರ ಮೇಲೆತ್ತಿದ ಹಾಗಿದ್ದರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಚಿತೆ ಏರಿದವಳದು. ಆ ಬಳೆ ನೋಡಿದರೆ ಈಗಲೂ ಹೊಟ್ಟೆ ಕಿವುಚುತ್ತದೆ. ನೀನಿರುವ ಬೆಂಗಳೂರಿನಲ್ಲೇ, ಬೇಗೂರಿನ ಗುಡಿಯಲ್ಲಿ, ‘ಬೆಂಗಳೂರ ಕಾಳಗ’ದ ಹೆಸರಿರುವ ವೀರಗಲ್ಲಿದೆ. ಸುಮಾರು 890ರದ್ದು. ಒಂದು ಭಾನುವಾರ ಹೋಗಿ ನೋಡಿ ಬಾ.

ಓದಿ ಬರೆದು ಮನೆಯಲ್ಲಿ ಕೂತವರಲ್ಲ ಅವರು. ಹಂಪಿ ಹಾಳಾಗುತ್ತಿದೆ ಅಂತ ವರ್ಷಗಟ್ಟಲೆ ಹೋರಾಡಿದರು. ಕನ್ನಡ ಶಕ್ತಿ ಕೇಂದ್ರ ಕಟ್ಟಿದರು. 2004ರಲ್ಲಿ ತಮಿಳಿಗೆ ಕೇಂದ್ರ ಸರ್ಕಾರದಿಂದ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕ ಮೇಲೆ ಕನ್ನಡಕ್ಕೂ ಬೇಕು ಅಂತ ಬೆನ್ನು ಬಿದ್ದವರಲ್ಲಿ ಇವರೂ ಮುಂದಿದ್ದರು. ಸಿಕ್ಕಿದ್ದು 2008ರಲ್ಲಿ. ಭಾಷೆ ಎಷ್ಟು ಹಳೆಯದು ಅಂತ ತೋರಿಸಬೇಕಿತ್ತಲ್ಲ, ಆಗ ಹಾಸನ ಜಿಲ್ಲೆಯ ಹಲ್ಮಿಡಿ ಶಾಸನದಂಥ ಹಳೆಯ ಕಲ್ಲುಗಳೇ ಆಧಾರಕ್ಕೆ ಬಂದವು.

ದೊಡ್ಡಪ್ಪ, ನೀವು ಹಾಕಿದ್ದು ಸುಳ್ಳಲ್ಲ. ಟಿಪ್ಪು ವಿಷಯ ಇರಲಿ, ಲಿಂಗಾಯತ ಪ್ರತ್ಯೇಕ ಧರ್ಮದ ವಿಷಯ ಇರಲಿ, ಅವರು ಖಡಾಖಂಡಿತವಾಗಿ ಬೇಡ ಅಂದವರೇ. ನನಗೆ ಎಲ್ಲವೂ ಒಪ್ಪಿಗೆಯಾಗಲಿಲ್ಲ. ಕಲ್ಲನ್ನು ಅಷ್ಟು ತಾಳ್ಮೆಯಿಂದ ಓದುವವರು ಇಲ್ಲಿ ಯಾಕೆ ಇಷ್ಟು ದುಡುಕುತ್ತಾರೆ ಅಂತ ಸಿಟ್ಟೂ ಬಂದಿದೆ. ನಮ್ಮ ಮನೆಯಲ್ಲೇ ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ, ಹಬ್ಬದ ಊಟಕ್ಕೆ ಕೂತಾಗ ಗೊತ್ತಾಗುತ್ತಲ್ಲ! ಆ ಜಗಳ ಮುಂದಿನ ವಾರವೂ ಮಾಡಬಹುದು. ಇವತ್ತು ಒಂದೇ ಸಾಲಿನಲ್ಲಿ ಅವರನ್ನು ಕಳಿಸಿಬಿಡಬೇಡಿ.

ಭಾವ, ನೀವು ಊರಲ್ಲೇ ಇದ್ದೀರಿ, ಒಂದು ಕೆಲಸ ಆಗಬೇಕು. ಆಂಜನೇಯನ ಗುಡಿ ಹಿಂದೆ ವೀರಗಲ್ಲು ಅರ್ಧ ಹೂತುಹೋಗಿದೆಯಲ್ಲ, ಗುಡಿಗೆ ಟೈಲ್ಸ್ ಹಾಕಿಸುವಾಗ ಅದನ್ನು ಕಿತ್ತು ಚರಂಡಿ ಮೇಲೆ ಹಾಸುತ್ತಾರಂತೆ. ಅಕ್ಕ ಹೇಳಿದಳು. ಹೇಗಾದರೂ ಮಾಡಿ ತಪ್ಪಿಸಿ. ಬಣ್ಣ ಬಳಿಯುವುದೂ ಬೇಡ, ತಂತಿ ಬ್ರಷ್ ಹಾಕಿ ಉಜ್ಜುವುದೂ ಬೇಡ, ಇರೋ ಅಕ್ಷರವೂ ಹೋಗುತ್ತದೆ. ಸಂಜೆ ಬಿಸಿಲು ಓರೆಯಾಗಿ ಬೀಳುವಾಗ ಫೋಟೋ ತೆಗೆದರೆ ಅಕ್ಷರ ಎದ್ದು ಕಾಣುತ್ತವೆ. ತೆಗೆದು ಇಲ್ಲೇ ಹಾಕಿ. ಸಂಕ್ರಾಂತಿಗೆ ನಾನೂ ಬರುತ್ತೇನೆ, ಪುಟ್ಟಿ, ನೀನೂ ರಜೆ ಹಾಕಿ ಬಾ.